ಅಲೆ ಏರಲು ಮೂಲ್ಕಿಗೆ

ಮಂಗಳೂರಿನಿಂದ ಉಡುಪಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ, ಶಾಂಭವಿ ನದಿಯ ಸೇತುವೆಗೆ ತುಸು ಮೊದಲು ಸಿಗುವ ಪೇಟೆ ಮೂಲ್ಕಿ. ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೆ ಇಲ್ಲಿ ಕಡಲು ಬೀಳುವುದಿಲ್ಲ. ಬಪ್ಪನಾಡಿನ ದೇವಸ್ಥಾನ, ಬಸ್ ನಿಲ್ದಾಣ, ಮೀನೂಟದ ಹೋಟೆಲು, ಅಷ್ಟರಲ್ಲಿ ಸೇತುವೆ ಬಂದೇಬಿಡುತ್ತದೆ. ಭಾರತದಲ್ಲಿ ಸರ್ಫಿಂಗ್ ಬೇರೂರಿದ ಮೊದಲ ಊರುಗಳಲ್ಲಿ ಇದೂ ಒಂದು ಎಂಬುದು ದಾರಿಹೋಕರಿಗೆ ಹೊಳೆಯುವುದೇ ಇಲ್ಲ. ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿ, ತೆಂಗಿನ ತೋಟಗಳ ನಡುವಿನ ಸಪೂರ ರಸ್ತೆ ಹಿಡಿದು ಹೋದವರಿಗಷ್ಟೇ ಆ ಮೂಲ್ಕಿ ಸಿಗುತ್ತದೆ.

ಊರಿನ ಗುಣವನ್ನೆಲ್ಲ ನಿರ್ಧರಿಸಿರುವುದು ಅಳಿವೆ. ಶಾಂಭವಿ ಮತ್ತು ನಂದಿನಿ ನದಿಗಳು ಕಡಲ ಹತ್ತಿರ ಬಂದು ಒಂದನ್ನೊಂದು ಕೂಡಿಕೊಂಡು ಒಂದೇ ಬಾಗಿಲಿನಿಂದ ಅರಬ್ಬೀ ಸಮುದ್ರ ಸೇರುತ್ತವೆ. ಅಳಿವೆಯ ದಕ್ಷಿಣಕ್ಕೆ ಸಸಿಹಿತ್ಲು: ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಗಾಳಿಮರಗಳ ಮರಳ ಪಟ್ಟಿ. ಉತ್ತರಕ್ಕೆ ಉಡುಪಿ ಜಿಲ್ಲೆಯ ಹೆಜಮಾಡಿ. ನದಿಗಳು ಹೊತ್ತು ತಂದ ಮರಳನ್ನು ಕಡಲು ಹಿಂದಕ್ಕೆ ತಳ್ಳುತ್ತದೆ, ಹೊಳೆ ಮತ್ತೆ ಮುಂದಕ್ಕೆ ನೂಕುತ್ತದೆ. ಈ ಜಗ್ಗಾಟದಲ್ಲಿ ಅಳಿವೆಯ ಆಸುಪಾಸು ನೀರಿನಡಿಯಲ್ಲಿ ಮರಳ ದಿಬ್ಬಗಳು ಏಳುತ್ತವೆ. ಸರ್ಫಿಂಗ್‌ಗೆ ಬೇಕಾದದ್ದು ಇವೇ.

ದೂರದ ಸಮುದ್ರದಲ್ಲಿ ಗಾಳಿ ಎಬ್ಬಿಸಿದ ತೆರೆ ಆಳದ ನೀರಿನಲ್ಲಿ ಸಾವಿರಾರು ಕಿಲೋಮೀಟರ್ ಸದ್ದಿಲ್ಲದೆ ಸಾಗಿ ಬರುತ್ತದೆ. ದಡದ ಹತ್ತಿರ ನೆಲ ಅಡ್ಡ ಬಂದಾಗ ಅದರ ಬುಡದ ವೇಗ ಕುಗ್ಗುತ್ತದೆ, ತಲೆ ಮಾತ್ರ ಮುಂದಕ್ಕೆ ವಾಲುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮಗುಚುತ್ತದೆ. ಉದ್ದಕ್ಕೂ ಒಂದೇ ಆಳವಿರುವ ದಡದಲ್ಲಿ ಇಡೀ ಅಲೆ ಒಂದೇ ಏಟಿಗೆ ಬಿದ್ದುಹೋಗುತ್ತದೆ. ದಿಬ್ಬ ಇರುವಲ್ಲಿ ಒಂದು ತುದಿಯಿಂದ ಶುರುವಾಗಿ ಪಕ್ಕಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹಾಗೆ ಬಿಚ್ಚಿಕೊಳ್ಳುವ ಅಲೆಯ ಮುರಿಯದ ಭಾಗದಲ್ಲಿ ಜಾರುವುದೇ ಸರ್ಫಿಂಗ್.

ಮೀನುಗಾರರ ಈ ಊರಿಗೆ ಈ ಆಟ ತಂದವರು ಸನ್ಯಾಸಿಗಳು. ಯೌವನದಲ್ಲೇ ಸರ್ಫಿಂಗ್ ಗೀಳು ಹಿಡಿಸಿಕೊಂಡಿದ್ದ ಅಮೆರಿಕದ ಜಾಕ್ ಹೆಬ್ನರ್, ಗೌಡೀಯ ವೈಷ್ಣವ ಪಂಥದಲ್ಲಿ ಸನ್ಯಾಸ ಪಡೆದು ಸ್ವಾಮಿ ನರಸಿಂಘ ಆದರು. ಅವರೂ ಅವರ ಶಿಷ್ಯರೂ 2004ರಲ್ಲಿ ಮೂಲ್ಕಿಯ ಹೊಳೆದಂಡೆಯ ಆಶ್ರಮದಲ್ಲಿ ಸರ್ಫಿಂಗ್ ಕಲಿಸತೊಡಗಿದರು. ಅದೇ ಮಂತ್ರ ಸರ್ಫ್ ಕ್ಲಬ್. ಮುಂಜಾನೆ ಜಪ, ಆಮೇಲೆ ಅಲೆ, ಮಧ್ಯಾಹ್ನ ಸಸ್ಯಾಹಾರದ ಊಟ. ಮದ್ಯ, ಸಿಗರೇಟು ದೂರ. ಜಗತ್ತಿನ ಹೆಚ್ಚಿನ ಸರ್ಫಿಂಗ್ ಊರುಗಳು ಬಿಯರ್ ಮತ್ತು ರಾತ್ರಿ ಪಾರ್ಟಿಗಳಿಗೆ ಹೆಸರಾಗಿವೆ. ಮೂಲ್ಕಿಯಲ್ಲಿ ರಾತ್ರಿ ಒಂಬತ್ತರ ಮೇಲೆ ಎದ್ದಿರುವುದಕ್ಕೆ ಯಕ್ಷಗಾನವೊಂದೇ ಕಾರಣ ಆಗಬಹುದೇನೋ!

ಆಟ ಆಶ್ರಮದ ಬೇಲಿ ದಾಟಿ ಊರಿನ ಮಕ್ಕಳ ಕೈಗೆ ಬಂದ ಮೇಲೆ ಅದರ ಚಹರೆಯೇ ಬದಲಾಯಿತು. ನಿಂತುಕೊಂಡು ಹುಟ್ಟು ಹಾಕುತ್ತಾ ಬೋರ್ಡ್ ನಡೆಸುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಗೆದ್ದ ತನ್ವಿ ಜಗದೀಶ್ ಇದೇ ನೀರಿನಲ್ಲಿ ಕಲಿತವರು. 2016ರ ಮೇ ಕೊನೆಯಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಮುಂದೆ ಮಂಗಳೂರಿನ ಪಣಂಬೂರು ಕಡಲತೀರವೂ ಈ ಸ್ಪರ್ಧೆಗೆ ವೇದಿಕೆಯಾಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಸಲ ಸೇರಿದ್ದು ಸಸಿಹಿತ್ಲುವಿನ ಆ ಸ್ಪರ್ಧೆಯಾದ ಮೇಲೆ, 2021ರಲ್ಲಿ.

ಕಲಿಯಲು ಬರುವವರಲ್ಲಿ ಬಹುಪಾಲು ಜನ ಬೆಂಗಳೂರಿನವರು, ಬೋರ್ಡ್ ಮುಟ್ಟಿಯೇ ನೋಡದವರು. ಮೊದಲ ಪಾಠ ಮರಳಿನ ಮೇಲೆ. ಕಲಿಯುವವರಿಗೆ ಕೊಡುವುದು ಎಂಟು-ಒಂಬತ್ತು ಅಡಿ ಉದ್ದದ, ಮೇಲ್ಮೈಯಲ್ಲಿ ಮೆತ್ತನೆಯ ಫೋಮ್ ಇರುವ ಬೋರ್ಡ್. ಉದ್ದವಾದಷ್ಟೂ ತೇಲುವಿಕೆ ಹೆಚ್ಚು, ಅಲುಗಾಟ ಕಡಿಮೆ. ತಲೆಗೆ ಬಡಿದರೂ ಪೆಟ್ಟು ಅಷ್ಟಿಲ್ಲ. ಬೋರ್ಡಿನ ಹಿಂತುದಿಯಿಂದ ಹೊರಟ ಲೀಶ್ ಎಂಬ ಹಗ್ಗವನ್ನು ಕಾಲಿನ ಹರಡಿಗೆ ಕಟ್ಟಿಕೊಳ್ಳಬೇಕು. ಹೊಟ್ಟೆಯ ಮೇಲೆ ಮಲಗಿ, ಎರಡೂ ಅಂಗೈಗಳನ್ನು ಎದೆಯ ಪಕ್ಕ ಊರಿ, ಮೈಯನ್ನು ಒಮ್ಮೆಲೇ ಮೇಲೆತ್ತಿ, ಎರಡೂ ಪಾದಗಳನ್ನು ಬೋರ್ಡಿನ ನಡುಗೆರೆಯ ಮೇಲೆ ಅಡ್ಡಡ್ಡ ತಂದು ನಿಲ್ಲಬೇಕು. ಮಂಡಿ ಊರಿ ನಿಧಾನಕ್ಕೆ ಏಳುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಮಂಡಿ ಊರಿದವರು ಬೀಳುವುದು ಖಾತ್ರಿ.

ನೀರಿಗಿಳಿದ ಮೇಲೂ ಸೊಂಟದಾಳ ದಾಟುವ ಮಾತಿಲ್ಲ. ಅಲೆ ಆಗಲೇ ಮುರಿದು ಬಿಳಿ ನೊರೆಯಾಗಿ ದಡದತ್ತ ನುಗ್ಗುವಲ್ಲಿ ತರಬೇತುದಾರ ಬೋರ್ಡ್ ಹಿಡಿದು ನಿಂತಿರುತ್ತಾನೆ. ನೊರೆ ಬಂದು ಹಿಂಬದಿಗೆ ತಾಗಿದಾಗ ಒಂದು ತಳ್ಳು ಕೊಡುತ್ತಾನೆ. ಏಳುವಾಗ ಹೆಚ್ಚಿನವರು ತಮ್ಮ ಪಾದವನ್ನೇ ನೋಡುತ್ತಾರೆ. ನೋಟ ಇಳಿದಲ್ಲಿಗೆ ಮೈಯೂ ವಾಲಿ ಮುಗ್ಗರಿಸುತ್ತಾರೆ. ದಡದ ತೆಂಗಿನ ಮರವನ್ನು ನೋಡಿ ಎಂದು ಹೇಳಿಕೊಡುವುದು ಇದಕ್ಕೇ. ಒಂದೆರಡು ಗಂಟೆಯ ಪಾಠ ಮುಗಿಯುವಷ್ಟರಲ್ಲಿ ಸಾಮಾನ್ಯ ದೇಹಬಲ ಇರುವವರು ಕೆಲವು ಕ್ಷಣವಾದರೂ ನಿಲ್ಲುತ್ತಾರೆ. ಮುರಿಯದ ಹಸಿರು ಅಲೆಯನ್ನು ತಾವೇ ಗುರುತಿಸಿ, ತಾವೇ ಕೈಹುಟ್ಟು ಹಾಕಿ ಹಿಡಿಯುವುದು ಬೇರೆಯೇ ವಿದ್ಯೆ, ಅದು ವಾರಾಂತ್ಯದಲ್ಲಿ ಬರುವಂಥದ್ದಲ್ಲ. ಮರುದಿನ ನೋಯುವುದು ಕಾಲಲ್ಲ, ತೋಳು ಮತ್ತು ಪಕ್ಕೆಲುಬು; ಸರ್ಫಿಂಗ್‌ನ ದೊಡ್ಡ ಪಾಲು ಕೈಯಲ್ಲಿ ನೀರು ಎಳೆಯುವ ಕೆಲಸ. ನೀರು ಬೆಚ್ಚಗಿರುವುದರಿಂದ ರಬ್ಬರ್ ಉಡುಪು ಬೇಡ. ಆದರೆ ಬಿಸಿಲು ಮತ್ತು ಬೋರ್ಡಿನ ತಿಕ್ಕಾಟದಿಂದ ಚರ್ಮ ಉಳಿಸಿಕೊಳ್ಳಲು ಮೈಗಂಟುವ ತುಂಬುತೋಳಿನ ಅಂಗಿ ಬೇಕೇ ಬೇಕು.

ಯಾವಾಗ ಬರಬೇಕು ಎಂಬುದನ್ನು ತಿಂಗಳೂ ಗಡಿಯಾರವೂ ಸೇರಿ ಹೇಳುತ್ತವೆ. ಮಳೆ ಹಿಂದೆ ಸರಿದು ಕಡಲು ಶಾಂತವಾದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿ-ಮಾರ್ಚ್‌ವರೆಗೆ, ಅಲೆಗಳು ಚಿಕ್ಕವು, ಹೊಸಬರಿಗೆ ಹೇಳಿ ಮಾಡಿಸಿದವು. ಏಪ್ರಿಲ್-ಮೇ ಹೊತ್ತಿಗೆ ದಕ್ಷಿಣ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ತೆರೆಗಳು ಇಲ್ಲಿಯವರೆಗೂ ಬರುತ್ತವೆ, ಪಳಗಿದವರಿಗೆ ಹಬ್ಬ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಇಂಥ ತೆರೆಗಳ ಮುನ್ಸೂಚನೆ ಕೊಡುತ್ತದೆ. ಮೀನುಗಾರರಷ್ಟೇ ಅಲ್ಲ, ಸರ್ಫ್ ಶಾಲೆಯವರೂ ಅದನ್ನು ನೋಡಿಕೊಳ್ಳುತ್ತಾರೆ. ದಿನದಲ್ಲಿ ಬೆಳಗ್ಗೆಯೇ ಒಳ್ಳೆಯದು. ಇರುಳಿಡೀ ತಂಪಾದ ನೆಲದಿಂದ ಕಡಲ ಕಡೆಗೆ ಬೀಸುವ ಗಾಳಿ ಅಲೆಯ ಮೋರೆಯನ್ನು ನಯವಾಗಿ ನಿಲ್ಲಿಸುತ್ತದೆ. ಹನ್ನೊಂದರ ನಂತರ ಗಾಳಿ ಕಡಲಿನಿಂದ ತಿರುಗಿ ಬೀಸತೊಡಗಿತೆಂದರೆ ನೀರು ಕಲಕಿಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಡಲು ನೋಡುವುದಕ್ಕೆ ಮಾತ್ರ. ಉಳಿದ ದಿನಗಳಲ್ಲೂ ಸೆಳೆತದ ಅರಿವಿಲ್ಲದೆ ಯಾರೂ ನೀರಿಗಿಳಿಯಬಾರದು. ದಡಕ್ಕೆ ನುಗ್ಗಿದ ನೀರು ವಾಪಸು ಹೋಗಲು ದಿಬ್ಬಗಳ ನಡುವೆ ಒಂದು ಓಣಿ ಮಾಡಿಕೊಂಡಿರುತ್ತದೆ. ಎರಡೂ ಕಡೆ ಅಲೆ ಮುರಿಯುತ್ತಿದ್ದು ನಡುವೆ ಒಂದಿಷ್ಟು ಜಾಗ ಮಾತ್ರ ನೊರೆಯಿಲ್ಲದೆ, ಕಂದಾಗಿ, ಶಾಂತವಾಗಿ ಕಂಡರೆ ಅದೇ ಸೆಳೆತದ ಜಾಗ. ಈಜು ಬಾರದವರು ಇಳಿಯಲು ಆರಿಸಿಕೊಳ್ಳುವುದೂ ಸಾಮಾನ್ಯವಾಗಿ ಇದನ್ನೇ, ಏಕೆಂದರೆ ಅಲ್ಲಿ ಅಲೆ ಇಲ್ಲ! ಸಿಕ್ಕಿಬಿದ್ದರೆ ದಡದತ್ತ ನೇರ ಈಜಿ ಶಕ್ತಿ ಕಳೆದುಕೊಳ್ಳುವುದು ತಪ್ಪು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಿದ್ದು, ಆಮೇಲೆ ಅಲೆಗಳ ಜೊತೆ ದಡ ಸೇರಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಅಳಿವೆಯ ಬಾಯಿಯಲ್ಲಂತೂ ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಒಟ್ಟಿಗೆ ಹೊರಗೆ ಓಡುತ್ತದೆ. ಅಲ್ಲಿ ಈಜುವ ಧೈರ್ಯವನ್ನು ಊರಿನವರೇ ಮಾಡುವುದಿಲ್ಲ.

ಕಡಲಿಗೆ ಅಂಜುವವರಿಗೆ ಹೊಳೆ ಇದೆ. ನಿಜ ಹೇಳಬೇಕೆಂದರೆ, ಮೂಲ್ಕಿಯಲ್ಲಿ ಒಂದೇ ದಿನ ಇರುವವರು ಸರ್ಫಿಂಗ್ ಬಿಟ್ಟರೂ ಶಾಂಭವಿಯನ್ನು ಬಿಡಬಾರದು. ಭರತದ ಹೊತ್ತಿಗೆ ಸಮುದ್ರದ ನೀರು ನದಿಯೊಳಕ್ಕೆ ಏರಿ ಬರುತ್ತದೆ. ಆಗ ಕಯಾಕ್ ಅಥವಾ ಪ್ಯಾಡಲ್ ಬೋರ್ಡ್ ಹತ್ತಿ ಕಾಂಡ್ಲಾ ಗಿಡಗಳ ನಡುವಿನ ತೋಡುಗಳಿಗೆ ನುಗ್ಗಬಹುದು. ಇಳಿತದಲ್ಲಿ ಅದೇ ತೋಡು ಕೆಸರು ಬಿಟ್ಟುಕೊಂಡು ಮಲಗಿರುತ್ತದೆ: ಬೇರುಗಳು ಬೆರಳು ಚಾಚಿದಂತೆ ಕೆಸರಿನಿಂದ ಮೇಲೆದ್ದಿರುತ್ತವೆ, ಅವುಗಳ ಬುಡದಲ್ಲಿ ಒಂದೇ ಕೈ ದೊಡ್ಡದಾಗಿರುವ ಪುಟ್ಟ ಏಡಿಗಳು, ಮೇಲಿನ ಕೊಂಬೆಯಲ್ಲಿ ಮಿಂಚುಳ್ಳಿ. ಕಾಂಡ್ಲಾ ಕಾಡು ದಂಡೆಯ ಮಣ್ಣನ್ನು ಹಿಡಿದಿಡುತ್ತದೆ, ಸಿಗಡಿಗೂ ಮೀನಿನ ಮರಿಗಳಿಗೂ ತೊಟ್ಟಿಲಾಗುತ್ತದೆ. ಸಂಜೆ ನಾಲ್ಕೂವರೆಗೆ ಹೊರಟರೆ ಕತ್ತಲಾಗುವ ಮುನ್ನ ಅಳಿವೆಯ ತನಕ ಹೋಗಿ ಬರಬಹುದು. ಹೋಗುವ ಮುಂಚೆ ಭರತ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡರೆ ವಾಪಸು ಬರುವಾಗ ತೋಳಿಗೆ ಸುಖ.

ಈ ದಂಡೆ ಮೊದಲಿಗೆ ಮೀನುಗಾರ ಮೊಗವೀರರದು, ಪ್ರವಾಸಿಗರದು ಆಮೇಲೆ. ಕೈರಂಪಣಿ ಬಲೆ ಬಿಟ್ಟ ದಿನ ಮುಂಜಾನೆ ಎರಡು ಸಾಲಿನಲ್ಲಿ ಜನ ನಿಂತು ಹಗ್ಗ ಎಳೆಯುವುದನ್ನು ಕಾಣಬಹುದು. ಬಲೆಯ ಹಗ್ಗ ನೀರಿನಲ್ಲಿರುವಾಗ ಅದರ ಹತ್ತಿರ ಬೋರ್ಡ್ ಒಯ್ಯಕೂಡದು. ಯಾಂತ್ರೀಕೃತ ದೋಣಿಗಳಿಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗ ಮೀನಿನ ದರ ಏರುತ್ತದೆ, ಮಳೆ ಕಳೆದ ಮೇಲೆ ಬಂಗುಡೆ, ಬೂತಾಯಿ ಅಗ್ಗವಾಗುತ್ತವೆ. ಊಟಕ್ಕೆ ಬಂಗುಡೆ ಪುಳಿಮುಂಚಿ ಮತ್ತು ಕುಚ್ಚಲಕ್ಕಿ ಅನ್ನ, ಕಾಣೆ ರವಾ ಫ್ರೈ, ಸಿಕ್ಕಿದರೆ ಮರುವಾಯಿ ಸುಕ್ಕ. ಮೀನು ತಿನ್ನದವರಿಗೆ ನೀರ್ ದೋಸೆಯೂ ಗೋಳಿಬಜೆಯೂ ಎಲ್ಲ ಹೋಟೆಲಿನಲ್ಲಿ ಸಿಗುತ್ತವೆ.

ಹೆದ್ದಾರಿ ಪಕ್ಕದ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯವೂ ಇದೇ ಹೊಳೆಯದು. ಶಾಂಭವಿಯಲ್ಲಿ ಸರಕು ಸಾಗಿಸುತ್ತಿದ್ದ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಹಡಗು ನಡುನೀರಿನಲ್ಲಿ ನಿಂತುಬಿಟ್ಟಿತು, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಿಸಲು ಹೇಳಿದಳು, ಅವನು ಊರ ಅರಸ ಸಾವಂತನ ನೆರವಿನಿಂದ ಕಟ್ಟಿಸಿದ ಎನ್ನುತ್ತಾರೆ. ವಾರ್ಷಿಕ ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದ ಸಲ್ಲಿಸುವ ಪದ್ಧತಿ ಇಂದಿಗೂ ನಡೆದುಕೊಂಡು ಬಂದಿದೆ. ಬಪ್ಪನಾಡಿನ ದೊಡ್ಡ ಡೋಲು ತುಳುನಾಡಿನಲ್ಲೆಲ್ಲ ಹೆಸರುವಾಸಿ. ಚಳಿಗಾಲದಲ್ಲಿ ಬಂದವರಿಗೆ ಪಡುಪಣಂಬೂರಿನಲ್ಲಿ ನಡೆಯುವ ಮೂಲ್ಕಿ ಸೀಮೆಯ ಅರಸು ಕಂಬಳ ನೋಡುವ ಅದೃಷ್ಟ ಒದಗಬಹುದು. ಯಕ್ಷಗಾನದ ತಿರುಗಾಟ ನವೆಂಬರ್‌ನಿಂದ ಮೇ ತನಕ. ಇರುಳಿನ ಆಟಗಳಲ್ಲಿ ಟಿಕೆಟ್ ಇಲ್ಲದ ಬಯಲಾಟವೇ ಇಲ್ಲಿ ಹೆಚ್ಚು.

ಇನ್ನೊಂದು ದಿನ ಇದ್ದರೆ ಸುತ್ತಮುತ್ತ ನೋಡುವುದಕ್ಕೆ ಬೇಕಾದಷ್ಟಿದೆ. ಉತ್ತರಕ್ಕೆ ಹತ್ತಿರದಲ್ಲೇ ಪಡುಬಿದ್ರಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ. ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಸಸಿಹಿತ್ಲುವಿಗಿಂತ ಇದೇ ವಾಸಿ. ಅಲ್ಲಿಂದ ಮುಂದೆ ಕಾಪು, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣ್ಣಗಾಗಿ ನಿಂತ ಕಲ್ಲಿನ ಕಂಬಗಳನ್ನು ಮುಟ್ಟಿ ನೋಡಬಹುದು. ಮಳೆಗಾಲದಲ್ಲಿ ಆ ದೋಣಿ ಇರುವುದಿಲ್ಲ. ಒಳನಾಡಿನ ಕಡೆಗೆ ನಂದಿನಿಯ ನಡುಗಡ್ಡೆಯಲ್ಲಿ ಕಟೀಲು. ಬಜ್ಪೆಯ ವಿಮಾನ ನಿಲ್ದಾಣ ದೂರವಿಲ್ಲ, ಕೊಂಕಣ ರೈಲಿನ ನಿಲ್ದಾಣವೂ ಊರಿಗಿದೆ. ಆದರೂ ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಷ್ಟು ಅನುಕೂಲ ಬೇರೆ ಯಾವುದೂ ಇಲ್ಲ.

ಅಲೆಯನ್ನು ಕೊಟ್ಟ ಅಳಿವೆಯೇ ದಂಡೆಯನ್ನು ತಿನ್ನುತ್ತಲೂ ಇದೆ. ಸಸಿಹಿತ್ಲುವಿನ ಕಡಲ್ಕೊರೆತ ಗಾಳಿಮರಗಳನ್ನು ಬೇರುಸಹಿತ ಕಿತ್ತಿದೆ, ಪ್ರವಾಸಿಗರಿಗಾಗಿ ಕಟ್ಟಿದ್ದನ್ನು ನುಂಗಿದೆ. ಕಲ್ಲು ಹಾಕಿದ ಕಡೆ ಒಂದಷ್ಟು ಕಾಲ ನಿಂತ ನೀರು ಪಕ್ಕದಲ್ಲಿ ಕೊರೆಯುತ್ತದೆ. ನದಿಯ ಬಾಯಿ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮರಳ ದಿಬ್ಬಗಳೂ ಪ್ರತಿ ಮಳೆಗಾಲದ ನಂತರ ಹೊಸ ಜಾಗ ಹಿಡಿಯುತ್ತವೆ, ಅವುಗಳ ಜೊತೆ ಸೆಳೆತದ ಓಣಿಯೂ. ಆದ್ದರಿಂದ ಕಳೆದ ವರ್ಷ ಬಂದು ಸುಖವಾಗಿ ಈಜಿ ಹೋದವರು ಕೂಡ ಈ ಸಲ ನೀರಿಗಿಳಿಯುವ ಮೊದಲು ದಂಡೆಯ ಮೇಲೆ ಬಲೆ ಹೆಣೆಯುತ್ತಿರುವವರನ್ನೋ ಸರ್ಫ್ ಶಾಲೆಯವರನ್ನೋ ಒಂದು ಮಾತು ಕೇಳಿಕೊಳ್ಳಲಿ.