ಆಕ್ಸೊಲಾಟಲ್ ತರೋ ಮುಂಚೆ ತೊಟ್ಟಿ ನೀರು ಹದ ಮಾಡಿ

ನಾನು ಅಲಂಕಾರಿಕ ಮೀನು ಸಾಕುವವನು. ಆದ್ರೆ ಈಗೀಗ ನನಗೆ ಬರೋ ಪ್ರಶ್ನೆಗಳೆಲ್ಲ ಆಕ್ಸೊಲಾಟಲ್ ಬಗ್ಗೆ. ತಲೆಯ ಎರಡೂ ಪಕ್ಕ ಗರಿಯಂಥ ಕಿವಿರು ಇರುವ, ನಗುಮುಖದ ಈ ಪ್ರಾಣಿಯನ್ನು ಮೊಬೈಲ್‌ನಲ್ಲಿ ನೀವೂ ನೋಡಿರ್ತೀರಿ. ಇದು ಮೀನಲ್ಲ, ಕಪ್ಪೆಯಂತೆ ಉಭಯಚರ.

ಇದರ ತವರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿನ ರೈತರು ಕಾಲುವೆಗಳ ನಡುವೆ ಚಿನಾಂಪ ಎಂಬ ಮಣ್ಣಿನ ದಿಬ್ಬಗಳ ಮೇಲೆ ತರಕಾರಿ ಬೆಳೀತಾರೆ. ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದ ಜಾಗ, ನೀರು ತಂಪು. ಹಾಗಾಗಿ ಈ ಪ್ರಾಣಿಗೆ 16ರಿಂದ 18 ಡಿಗ್ರಿ ಹಿತ. 24 ದಾಟಿದರೆ ಜೀವಕ್ಕೇ ಕುತ್ತು.

ಹದ ಅಂದ್ರೆ ಏನು?

ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ರೂಪಕ್ಕೆ ಬರುತ್ತೆ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ತೊಟ್ಟಿಯಲ್ಲೂ ಇದೇ ಕೆಲಸ. ಪ್ರಾಣಿಯ ಹೊಲಸು, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ಹೊಸ ತೊಟ್ಟಿಯಲ್ಲಿ ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಇರೋದಿಲ್ಲ. ಫಿಲ್ಟರ್ ಸ್ಪಂಜಿನಲ್ಲಿ ಅವು ನೆಲೆಸೋಕೆ 4ರಿಂದ 8 ವಾರ ಬೇಕು. ಇದಕ್ಕೇ ಸೈಕ್ಲಿಂಗ್ ಅನ್ನೋದು.

ತೊಡಕು ಇರೋದು ಇಲ್ಲೇ. ಬ್ಯಾಕ್ಟೀರಿಯಾಗೆ ಬಿಸಿ ಇಷ್ಟ, ಆಕ್ಸೊಲಾಟಲ್‌ಗೆ ತಂಪು ಇಷ್ಟ. ಜೊತೆಗೆ ನೀರು ಬಿಸಿಯಾದಷ್ಟೂ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಹಾಗಾಗಿ ಸೈಕ್ಲಿಂಗ್ ಮುಗಿಯೋವರೆಗೆ ಎರಡನ್ನೂ ಬೇರೆ ಬೇರೆ ಇಡಿ.

ತೊಟ್ಟಿಯ ಕಡೆ

- ಕನಿಷ್ಠ 100 ಲೀಟರ್ ತೊಟ್ಟಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ಸಣ್ಣ ಕಲ್ಲು ಹಾಕಬೇಡಿ, ನುಂಗಿಬಿಡುತ್ತೆ.
- ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಿರಿ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ.
- ಸೋಪು, ಸುವಾಸನೆ ಸೇರಿಸದ ಅಮೋನಿಯಾ ದ್ರಾವಣ ಹಾಕಿ 2 ಪಿಪಿಎಂಗೆ ತನ್ನಿ. ಟೆಸ್ಟ್ ಕಿಟ್‌ನಲ್ಲಿ ಅಳೆಯಿರಿ, ಇಳಿದಂತೆ ಮತ್ತೆ ಹಾಕಿ.
- ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆ, ನೈಟ್ರೈಟೂ ಸೊನ್ನೆ ಆದರೆ ನೀರು ಹದವಾಯ್ತು. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ನೈಟ್ರೇಟ್ 20 ಪಿಪಿಎಂ ಒಳಗೆ ತನ್ನಿ.
- ಆಮೇಲೆ ನಿಧಾನವಾಗಿ ತಂಪು ಮಾಡಿ, ಇನ್ನೊಮ್ಮೆ ಅಳೆಯಿರಿ. ತಂಪಿನಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಧಾನ.

ಪ್ರಾಣಿ ಈಗಾಗಲೇ ಮನೆಗೆ ಬಂದಿದ್ರೆ?

ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಟಬ್‌ನಲ್ಲಿ, ನೆರಳಲ್ಲಿ ಇಡಿ. ದಿನಾ ಪೂರ್ತಿ ನೀರು ಬದಲಿಸಿ. ಹೊಸ ನೀರು ಕ್ಲೋರಿನ್ ಇಲ್ಲದ್ದು, ಅದೇ ತಂಪಿನದು ಇರಲಿ. ಉಳಿದ ಎರೆಹುಳು, ಹೊಲಸು ಕೂಡಲೇ ತೆಗೆಯಿರಿ.

ತಂಪಿಗೆ ನೀರಿನ ಮೇಲೆ ಸಣ್ಣ ಫ್ಯಾನ್ ಬಿಡಿ. ಮಡಿಕೆ ನೀರು ತಣ್ಣಗಾಗುವ ಲೆಕ್ಕವೇ ಇದು, ಕೆಲವು ಡಿಗ್ರಿ ಇಳಿಯುತ್ತೆ. ಕರಾವಳಿಯ ಸೆಕೆಯಲ್ಲಿ ಅಷ್ಟು ಇಳಿಯೋಲ್ಲ. ಐಸ್ ಕಟ್ಟಿದ ಬಾಟಲಿಗಳನ್ನು ಸರದಿಯಲ್ಲಿ ತೇಲಿಬಿಡಬಹುದು. ಥರ್ಮಾಮೀಟರ್ ನೋಡ್ತಾ ಇರಿ, ತಾಪಮಾನ ಒಮ್ಮೆಲೇ ಏರಿಳಿಯಬಾರದು.

ನೇರವಾಗಿ ಹೇಳ್ತೀನಿ: ರಾಯಚೂರು, ಕಲಬುರಗಿ ಬೇಸಿಗೆಗೆ ಫ್ಯಾನ್, ಬಾಟಲಿ ಸಾಲದು. ಚಿಲ್ಲರ್ ಇಡೋ ಶಕ್ತಿ, ಕರೆಂಟ್ ಹೋದರೆ ಬದಲಿ ವ್ಯವಸ್ಥೆ ಇಲ್ಲದಿದ್ರೆ ತರಲೇಬೇಡಿ.

ಇನ್ನೊಂದು ಮಾತು. ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯ ಪ್ರಾಣಿ ಇದು, ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ದಾಖಲೆ ಕೊಡದ ಮಾರಾಟಗಾರನ ಹತ್ರ ಕೊಳ್ಳಬೇಡಿ. ಸಾಕೋಕೆ ಆಗ್ಲಿಲ್ಲ ಅಂತ ಕೆರೆಗೆ, ಕೃಷಿಹೊಂಡಕ್ಕೆ ಬಿಡಲೂಬೇಡಿ.