ಅಸ್ಥಿಗಳ ಸಾಕ್ಷ್ಯ

ಪ್ರಾಚೀನ ಜನಜೀವನವನ್ನು ಅರಿಯಲು ಶಾಸನ, ನಾಣ್ಯ, ಶಿಲ್ಪಗಳೇ ಪ್ರಮಾಣವೆಂಬ ಭಾವನೆ ವಿದ್ವಜ್ಜನರಲ್ಲಿ ಬಲವಾಗಿದೆ. ಆದರೆ ಲಿಪಿಯೇ ಇಲ್ಲದ ಕಾಲದ ವಿಷಯದಲ್ಲಿ, ಉತ್ಖನನದಿಂದ ದೊರೆತ ಎಲುಬಿನ ತುಣುಕೇ ಶಾಸನದ ಸ್ಥಾನವನ್ನು ಪಡೆಯುತ್ತದೆ. ಅದನ್ನು ಓದುವ ವಿದ್ಯೆಗೆ ಪ್ರಾಣಿ ಪುರಾತತ್ತ್ವವೆಂದು ಹೆಸರು.

ಈ ವಿದ್ಯೆಯ ಕ್ರಮ ಸರಳವಾದರೂ ಶ್ರಮಸಾಧ್ಯವಾದುದು. ದೊರೆತ ತುಣುಕನ್ನು ಗುರುತು ತಿಳಿದ ಅಸ್ಥಿಪಂಜರಗಳೊಡನೆ ಹೋಲಿಸಿ, ಅದು ಯಾವ ಪ್ರಾಣಿಯ ಯಾವ ಅವಯವವೆಂದು ಮೊದಲು ನಿರ್ಣಯಿಸಬೇಕು. ಹಲ್ಲು ಸವೆದ ಬಗೆಯಿಂದಲೂ, ಉದ್ದೆಲುಬಿನ ತುದಿಗಳು ಬೆಸೆದುಕೊಂಡಿವೆಯೇ ಎಂಬುದರಿಂದಲೂ ವಯಸ್ಸು ತಿಳಿಯುತ್ತದೆ. ಎಳೆಯ ಗಂಡುಗಳನ್ನೇ ಹೆಚ್ಚಾಗಿ ಕೊಂದಿದ್ದರೆ ಹಿಂಡನ್ನು ಹಾಲಿಗಾಗಿ ಸಾಕಿದ್ದರೆಂದೂ, ಮುದಿ ಪಶುಗಳೇ ಹೆಚ್ಚಾಗಿದ್ದರೆ ಅವುಗಳಿಂದ ದುಡಿಮೆ ಪಡೆದಿದ್ದರೆಂದೂ ಊಹಿಸಬಹುದು. ಎಲುಬಿನ ಮೇಲಣ ಗೀರು ಕತ್ತಿಯದೋ ನಾಯಿಯ ಹಲ್ಲಿನದೋ ಎಂಬುದನ್ನೂ ಪರೀಕ್ಷಿಸುತ್ತಾರೆ.

ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಇದಕ್ಕೆ ಉತ್ತಮ ನಿದರ್ಶನ. ಜನರು ಅವನ್ನು ರಾಕ್ಷಸರ ಚಿತಾಭಸ್ಮವೆಂದು ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ಕೆಲವರು ಕುಲುಮೆಯ ಅವಶೇಷವೆಂದರು. ಅದು ಸುಟ್ಟ ಸೆಗಣಿಯೆಂದು ರಾಬರ್ಟ್ ಬ್ರೂಸ್ ಫೂಟ್ ಗ್ರಹಿಸಿದರು. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಇಂದಿನ ತೆಲಂಗಾಣದ ಉತ್ನೂರಿನಲ್ಲಿ ಅಗೆದಾಗ, ಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡುಬಂದು, ಅದು ದೊಡ್ಡಿಯೆಂಬುದು ಸ್ಥಿರಪಟ್ಟಿತು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ, ಎಲುಬುಗಳೂ ಕಲ್ಲಿನ ಆಯುಧಗಳೂ ಬೆರೆತಿದ್ದ ಪಶುವಧೆಯ ನೆಲವನ್ನೇ ಬಯಲಿಗೆ ತಂದರು. ಗೋವನ್ನು ಸಂಪತ್ತೆಂದು ಸಾಕಿದ ಜನರೇ ಅದರ ಮಾಂಸವನ್ನೂ ಉಂಡರೆಂಬುದು ಇದರಿಂದ ಸಿದ್ಧವಾಗುತ್ತದೆ. ಓದುವವನ ಇಷ್ಟಾನಿಷ್ಟಗಳಿಗೆ ಅಸ್ಥಿ ಮಣಿಯುವುದಿಲ್ಲ.

ಹಾಗೆಂದು ಅಸ್ಥಿಯ ನಿರ್ಣಯ ಯಾವಾಗಲೂ ನಿರ್ವಿವಾದವೆಂದಲ್ಲ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ಎಲುಬುಗಳನ್ನು ಪರೀಕ್ಷಿಸಿದ ಪಶುವೈದ್ಯ ಕೆ. ಆರ್. ಆಲೂರ ಅವರು ಅವುಗಳಲ್ಲಿ ಕುದುರೆಯವೂ ಇವೆಯೆಂದು 1971ರ ವರದಿಯಲ್ಲಿ ಬರೆದರು. ಆರ್ಯರ ಆಗಮನದ ವಾದಕ್ಕೆ ಕುದುರೆಯೇ ಆಧಾರವಾಗಿದ್ದುದರಿಂದ ಚರ್ಚೆ ಬಿಸಿಯೇರಿತು. ಕುದುರೆ, ಕತ್ತೆ, ಕಾಡುಕತ್ತೆಗಳ ಎಲುಬುಗಳು ಒಂದನ್ನೊಂದು ಬಹಳ ಹೋಲುವುವೆಂದು ಹೇಳಿ, ಭಾರತದ ಇಂತಹ ನಿರ್ಣಯಗಳನ್ನು ಕೆಲವರು ಶಂಕಿಸಿದರು. ಆಲೂರರು ಮಾತ್ರ ತಮ್ಮ ನಿಲುವನ್ನು ಬಿಡಲಿಲ್ಲ.

ಇಂತಹ ವಿವಾದಗಳನ್ನು ತರ್ಕವೊಂದೇ ತೀರಿಸಲಾರದು. ಎಲುಬು ಯಾವ ಪದರದಲ್ಲಿ ದೊರೆಯಿತೆಂಬ ಸ್ಪಷ್ಟ ದಾಖಲೆ, ಅದರ ಅಳತೆ, ಕಾಲನಿರ್ಣಯ, ಎಲ್ಲಕ್ಕಿಂತ ಮಿಗಿಲಾಗಿ ಮರುಪರೀಕ್ಷೆಗೆ ಆ ತುಣುಕೇ ಉಳಿದಿರುವುದು ಅವಶ್ಯ. ಮಡಕೆಯ ಚೂರನ್ನು ಕಾಪಾಡಿ ಎಲುಬನ್ನು ಎಸೆಯುವ ಉತ್ಖನನವು ಅರ್ಧ ಇತಿಹಾಸವನ್ನು ಮಣ್ಣಿಗೇ ಮರಳಿಸಿದಂತೆ.