ಈಜು ಕಲಿಯಲು ವಯಸ್ಸಿನ ಹಂಗಿಲ್ಲ

ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ನಾವು ಸಂತ ಪೌಲರ ಅಚಲ ವಿಶ್ವಾಸದ ನಿದರ್ಶನವೆಂದು ಓದುತ್ತೇವೆ. ಅದು ಸರಿಯೇ. ಆದರೆ ಆ ಅಧ್ಯಾಯದ ಕೊನೆಯ ವಚನಗಳ ಮೇಲೆ ಪ್ರಬೋಧನೆ ಕೇಳಿದವರು ವಿರಳ. ಕೈದಿಯಾಗಿ ರೋಮಿಗೆ ಸಾಗುತ್ತಿದ್ದ ಪೌಲರ ಹಡಗು ಮಾಲ್ಟಾ ದ್ವೀಪದ ಬಳಿ ಮರಳ ದಿಣ್ಣೆಗೆ ಸಿಕ್ಕಿ ಒಡೆಯುತ್ತದೆ. ಹಡಗಿನಲ್ಲಿದ್ದವರು 276 ಮಂದಿ. ಕೈದಿಗಳು ಈಜಿ ತಪ್ಪಿಸಿಕೊಂಡಾರೆಂದು ಸೈನಿಕರು ಅವರನ್ನು ಕೊಲ್ಲಲು ಹವಣಿಸುತ್ತಾರೆ. ಶತಾಧಿಪತಿ ಅದನ್ನು ತಡೆದು, ಈಜು ಬಲ್ಲವರು ಮೊದಲು ನೀರಿಗೆ ಧುಮುಕುವಂತೆಯೂ, ಉಳಿದವರು ಹಲಗೆಗಳ ಆಸರೆಯಿಂದ ದಡ ಸೇರುವಂತೆಯೂ ಆಜ್ಞಾಪಿಸುತ್ತಾನೆ. ಒಬ್ಬರೂ ಸಾಯಲಿಲ್ಲ. ಎಲ್ಲರ ಪ್ರಾಣವೂ ಉಳಿಯುವುದೆಂದು ದೇವದೂತನು ಪೌಲರಿಗೆ ಮೊದಲೇ ತಿಳಿಸಿದ್ದನು. ಆ ವಾಗ್ದಾನ ಕೈಗೂಡಿದ್ದು ಕೆಲವರ ತೋಳುಗಳ ಬಲದಿಂದ, ಇನ್ನು ಕೆಲವರ ಪಾಲಿಗೆ ಮರದ ತುಂಡಿನಿಂದ. ದೈವಕೃಪೆ ಪ್ರಕೃತಿಯನ್ನು ಅಳಿಸದೆ ಪೂರ್ಣಗೊಳಿಸುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಹೇಳಿದ್ದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ನನಗೆ ತೋರದು.

ಹಡಗು ಕಾಣದ ನಾಡು ನಮ್ಮದು, ನಿಜ. ಆದರೆ ನೀರು ಕಾಣದ ನಾಡಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಗೋಕಾಕದ ಬಳಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆ ಹೊರಡುತ್ತದೆ. ನಾಗನೂರ, ಮೂಡಲಗಿ ಸುತ್ತಿನ ಕಬ್ಬಿನ ಹೊಲಗಳಿಗೆ ಕಾಲುವೆಯ ನೀರೇ ಜೀವ. 2019ರ ಆಗಸ್ಟ್ ತಿಂಗಳಲ್ಲಿ ನದಿಯೇ ಗೋಕಾಕ ಪಟ್ಟಣದ ಮನೆಗಳೊಳಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ.

ಹಿಂದಿನ ತಲೆಮಾರಿನ ಗಂಡುಮಕ್ಕಳಿಗೆ ಹೊಲದ ಬಾವಿಯೇ ಈಸು ಕಲಿಸುವ ಶಾಲೆಯಾಗಿತ್ತು. ಬೆನ್ನಿಗೆ ಒಣಗಿದ ಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೋದರಮಾವನೋ ಅಣ್ಣನೋ ನೀರಿಗೆ ತಳ್ಳುತ್ತಿದ್ದರು. ಉಗ್ರವಾದ ಬೋಧನಾಕ್ರಮ! ಆದರೂ ಕಲಿತವರು ಕಲಿತರು. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಎಷ್ಟೋ ಬಾವಿಗಳು ಕಸದ ಗುಂಡಿಗಳಾದವು. ಹೆಣ್ಣುಮಕ್ಕಳಿಗಂತೂ ಆ ಶಾಲೆಯ ಬಾಗಿಲು ಎಂದೂ ತೆರೆದಿರಲಿಲ್ಲ. ಹೀಗಾಗಿ ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆಯುವ ತಾಯಿಗೆ ಈಸು ಬಾರದು, ಜತೆಗೆ ಬಂದ ಮಗುವಿಗೂ ಬಾರದು, ಕೂಗು ಕೇಳಿ ಓಡಿಬರುವ ತಂದೆಗೂ ಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯಿಂದ ಎರಡು ಮೂರು ಶವಪೆಟ್ಟಿಗೆಗಳು ಹೊರಡುವುದು ಹೀಗೆಯೇ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ 38 ಸಾವಿರಕ್ಕೂ ಅಧಿಕ ಜನರು ನೀರಿನಲ್ಲಿ ಮುಳುಗಿ ಪ್ರಾಣ ಬಿಟ್ಟರೆಂದು ಸರಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ.

ಮಕ್ಕಳಿಗೆ ಈಜು ಕಲಿಸಬೇಕೆಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಯೆಹೂದ್ಯರ ತಾಲ್ಮುದ್ ಗ್ರಂಥವು ತಂದೆಯ ಕರ್ತವ್ಯಗಳನ್ನು ಎಣಿಸುವಾಗ ಧರ್ಮಶಾಸ್ತ್ರ, ಕಸುಬು, ವಿವಾಹಗಳ ಜತೆಗೆ ಈಜು ಕಲಿಸುವುದನ್ನೂ ಸೇರಿಸಿದೆ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಆ ತಂದೆತಾಯಿಗಳ ವಿಷಯ. ಮೂವತ್ತು, ನಲವತ್ತು, ಐವತ್ತು ದಾಟಿದವರು ‘ಇನ್ನೇನು ಕಲಿಯುವುದು’ ಎಂದು ಕೈಚೆಲ್ಲಿ ಕುಳಿತಿದ್ದಾರಲ್ಲ, ಅವರ ವಿಷಯ.

ಇಂಥವರಿಗಾಗಿಯೇ ಜಗತ್ತಿನಲ್ಲಿ ‘ಮಾಸ್ಟರ್ಸ್ ಈಜು’ ಎಂಬ ಪದ್ಧತಿ ಬೆಳೆದಿದೆ. ಅಮೆರಿಕದ ನೌಕಾದಳದಲ್ಲಿ ವೈದ್ಯರಾಗಿದ್ದ ರ್ಯಾನ್ಸಮ್ ಆರ್ಥರ್ ಅವರ ಪ್ರೇರಣೆಯಿಂದ 1970ರ ಮೇ ತಿಂಗಳಲ್ಲಿ ಟೆಕ್ಸಾಸಿನ ಅಮರಿಲೊ ನಗರದಲ್ಲಿ ವಯಸ್ಕರ ಪ್ರಥಮ ರಾಷ್ಟ್ರೀಯ ಈಜು ಕೂಟ ನಡೆಯಿತು. ಭಾಗವಹಿಸಿದವರು 46 ಮಂದಿ ಮಾತ್ರ. ಆ ವೈದ್ಯರ ತರ್ಕ ಸರಳವಾಗಿತ್ತು: ಆರೋಗ್ಯಕ್ಕಾಗಿ ವ್ಯಾಯಾಮ ಮಾಡಿರೆಂದು ಬುದ್ಧಿ ಹೇಳಿದರೆ ಜನ ನಾಲ್ಕು ದಿನ ಮಾಡಿ ಬಿಡುತ್ತಾರೆ, ಮುಂದೊಂದು ಸ್ಪರ್ಧೆಯ ಗುರಿಯಿದ್ದರೆ ವರ್ಷವಿಡೀ ಬಿಡುವುದಿಲ್ಲ. 1986ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಮಾಸ್ಟರ್ಸ್ ಕೂಟ ಜರುಗಿತು. ಇಪ್ಪತ್ತೈದು ವರ್ಷ ತುಂಬಿದ ಯಾರಾದರೂ ಸೇರಬಹುದು. ಐದೈದು ವರ್ಷಗಳ ಅಂತರದಲ್ಲಿ ವರ್ಗಗಳನ್ನು ಮಾಡುವುದರಿಂದ ಅರವತ್ತೆರಡರ ಅಜ್ಜಿ ಇಪ್ಪತ್ತೈದರ ಯುವತಿಯೊಡನೆ ಸೆಣಸಬೇಕಾಗಿಲ್ಲ. ದೂರದ ಮಾತೇಕೆ? ನಮ್ಮ ಮಂಗಳೂರಿನ ಎಮ್ಮೆಕೆರೆಯ ಹೊಸ ಈಜುಕೊಳದಲ್ಲಿ 2023ರ ನವೆಂಬರ್ ತಿಂಗಳಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಕೂಟ ನಡೆಯಿತು.

ಈ ಸ್ಪರ್ಧೆಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ರಿಲೇ ಪಂದ್ಯದ ನಿಯಮ. ನಾಲ್ವರ ತಂಡದಲ್ಲಿ ಒಬ್ಬೊಬ್ಬರ ವಯಸ್ಸನ್ನು ನೋಡದೆ ನಾಲ್ವರ ವಯಸ್ಸನ್ನೂ ಕೂಡಿಸಿ ತಂಡದ ವರ್ಗವನ್ನು ನಿರ್ಧರಿಸುತ್ತಾರೆ. ಹೀಗಾಗಿ ಎಪ್ಪತ್ತರ ಹಿರಿಯರೊಬ್ಬರು ತಂಡಕ್ಕೆ ಹೊರೆಯಾಗುವುದಿಲ್ಲ. ಅವರ ವರುಷಗಳೇ ತಂಡದ ಆಸ್ತಿಯಾಗುತ್ತವೆ. ಮನೆಯಲ್ಲಿ ಮೂಲೆಗೆ ಸರಿಸಲ್ಪಟ್ಟ ಹಿರಿಯರನ್ನು ಕಂಡಾಗಲೆಲ್ಲ ಈ ನಿಯಮ ನನ್ನ ನೆನಪಿಗೆ ಬರುತ್ತದೆ.

ತರಬೇತಿಯೆಂದರೆ ಹೆದರಬೇಕಾದುದೇನೂ ಇಲ್ಲ. ಕಲಿಯುವವರು ಮೊದಲು ಗೋಡೆಯ ಕಂಬಿ ಹಿಡಿದು ನೀರಿನೊಳಗೆ ಉಸಿರು ಬಿಡುವುದನ್ನು ಅಭ್ಯಾಸ ಮಾಡುತ್ತಾರೆ. ದೊಡ್ಡವರಿಗೆ ಕಠಿಣವಾದುದು ಇದೊಂದೇ. ಗಾಬರಿಯಿಂದ ಉಸಿರು ಬಿಗಿಹಿಡಿದು ತಲೆಯನ್ನು ಮೇಲೆತ್ತಿದೊಡನೆ ಕಾಲುಗಳು ತಳಕ್ಕೆ ಇಳಿಯುತ್ತವೆ. ತಲೆಯನ್ನು ನೀರಿಗೆ ಒಪ್ಪಿಸಿದರೆ ಮೈ ತಾನೇ ತೇಲುತ್ತದೆ. ಪುಪ್ಪುಸಗಳಲ್ಲಿ ಗಾಳಿ ತುಂಬಿದ ಮಾನವದೇಹ ಬಹುಮಟ್ಟಿಗೆ ನೀರಿಗಿಂತ ಹಗುರ. ಇದು ಭೌತಶಾಸ್ತ್ರ; ಆದರೆ ಗಲಿಲೇಯ ಸರೋವರದಲ್ಲಿ ಪೇತ್ರರು ಭಯಪಟ್ಟೊಡನೆ ಮುಳುಗತೊಡಗಿದ ಘಟನೆಯನ್ನು ಬಲ್ಲವರಿಗೆ ಬೇರೆ ವಿಚಾರಗಳೂ ಹೊಳೆದಾವು.

ತೇಲುವುದು ಬಂದ ಮೇಲೆ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್ ಒಂದೊಂದಾಗಿ ಬರುತ್ತವೆ. ಬಟರ್‌ಫ್ಲೈ ಎಲ್ಲರಿಗೂ ಒಗ್ಗದು, ಒಗ್ಗದಿದ್ದರೆ ನಷ್ಟವೂ ಇಲ್ಲ. ತಂಡದ ಅಭ್ಯಾಸದಲ್ಲಿ ಆರಂಭಕ್ಕೆ ನಿಧಾನವಾಗಿ ಇನ್ನೂರು ಮೀಟರ್, ಬಳಿಕ ಕೈಕಾಲುಗಳ ತಿದ್ದುಪಡಿ, ಆಮೇಲೆ ಐವತ್ತು ಮೀಟರಿನಂತೆ ಎಂಟು ಸಲ, ನಡುನಡುವೆ ಇಪ್ಪತ್ತು ಸೆಕೆಂಡು ವಿಶ್ರಾಂತಿ, ಕೊನೆಗೆ ಮತ್ತೆ ನಿಧಾನದ ಈಜು, ಹೀಗೊಂದು ಕ್ರಮವಿರುತ್ತದೆ. ಒಂದೇ ಪಥದಲ್ಲಿ ಐದಾರು ಜನ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಮರಳುತ್ತಾರೆ. ಹಿಂದಿನವರು ಹಿಮ್ಮಡಿಯನ್ನು ಮೆಲ್ಲನೆ ಮುಟ್ಟಿದರೆ ಗೋಡೆಯ ಬಳಿ ನಿಂತು ಅವರಿಗೆ ದಾರಿ ಬಿಡಬೇಕು. ಇಷ್ಟು ಸೌಜನ್ಯ ನಮ್ಮ ರಸ್ತೆಗಳಲ್ಲಿದ್ದಿದ್ದರೆ!

ವಾರಕ್ಕೆ ಮೂರು ದಿನ ಇಂಥ ಅಭ್ಯಾಸ ನಡೆದರೆ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ತುಂಬುತ್ತದೆ. ನೀರು ಭಾರ ಹೊರುವುದರಿಂದ ಮೊಣಕಾಲು ನೋವಿನವರಿಗೂ ಇದು ಸಾಧ್ಯ. ಬೆಳಗಾವಿಯ ಮೊಯಿನ್ ಜುನ್ನೇದಿ ಅವರ ಹೆಸರನ್ನು ಹಲವರು ಕೇಳಿರಬಹುದು. ಮೂಳೆಗಳು ಸ್ವಲ್ಪದಕ್ಕೇ ಮುರಿಯುವ ಕಾಯಿಲೆಯೊಡನೆ ಹುಟ್ಟಿದ ಆತ ತರಬೇತುದಾರ ಉಮೇಶ ಕಲಘಟಗಿಯವರ ಕೈಯಲ್ಲಿ ಪಳಗಿ ಅಂಗವಿಕಲರ ಈಜಿನಲ್ಲಿ ಪದಕಗಳನ್ನು ಗೆದ್ದರು. ನೆಲದ ಮೇಲೆ ನಡೆಯಲಾಗದ ದೇಹವನ್ನು ನೀರು ಮುನ್ನಡೆಸಿತು. ಬೆಂಗಳೂರಿನ ನಿಶಾ ಮಿಲೆಟ್ ಐದನೆಯ ವಯಸ್ಸಿನಲ್ಲಿ ಮುಳುಗಿ ಸಾಯುವುದರಿಂದ ಪಾರಾದವರು. ಆ ಭಯ ಅಳಿಯಲೆಂದು ತಂದೆ ಈಜಿಗೆ ಹಚ್ಚಿದ ಮಗಳು 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತವನ್ನು ಪ್ರತಿನಿಧಿಸಿದರು.

ದೇಹದ ಆರೈಕೆ ಭಕ್ತರಿಗೆ ತಕ್ಕುದಲ್ಲವೆಂಬ ಭಾವನೆ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಕ್ರೈಸ್ತ ಭಾವನೆಯಲ್ಲ. ಆತ್ಮವು ದೇಹವೆಂಬ ಸೆರೆಮನೆಯಲ್ಲಿ ಸಿಕ್ಕಿಬಿದ್ದಿದೆಯೆಂಬ ಮಾತು ಪ್ಲೇಟೋವಿನ ಪರಂಪರೆಯಿಂದ ಬಂದದ್ದು. ಅದೇ ಪ್ಲೇಟೋ ತನ್ನ ಕಾನೂನುಗಳ ಕುರಿತ ಗ್ರಂಥದಲ್ಲಿ, ಓದೂ ಈಜೂ ಬಾರದವನನ್ನು ಅಜ್ಞಾನಿಯೆನ್ನುವ ಗ್ರೀಕರ ಗಾದೆಯನ್ನು ಸ್ಮರಿಸುತ್ತಾನೆಂಬುದು ಬೇರೆ ಮಾತು. ಸಂತ ಥಾಮಸರಾದರೋ ದುಃಖಶಮನದ ಉಪಾಯಗಳನ್ನು ವಿವರಿಸುವಾಗ ಸತ್ಯದ ಚಿಂತನೆಯನ್ನು ಹೇಳಿ ಅಲ್ಲಿಗೇ ನಿಲ್ಲದೆ, ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದರು. ಜಗದ್ಗುರು ಎರಡನೆಯ ಜಾನ್ ಪೌಲರು ತಮ್ಮ ಬೇಸಿಗೆಯ ನಿವಾಸದಲ್ಲಿ ಈಜುಕೊಳ ಕಟ್ಟಿಸಿದಾಗ ಖರ್ಚಿನ ಬಗೆಗೆ ಗೊಣಗಿದವರಿಗೆ, ಹೊಸ ಪೋಪರನ್ನು ಚುನಾಯಿಸುವ ಖರ್ಚಿಗಿಂತ ಇದು ಕಡಿಮೆಯೆಂದು ಉತ್ತರಿಸಿದರೆಂಬ ಕಥೆಯುಂಟು.

ಮಹಿಳೆಯರ ಮಾತಿಗೆ ಬರೋಣ. ಉಡುಪಿನ ಸಂಕೋಚವೇ ದೊಡ್ಡ ಅಡ್ಡಿಯೆಂದು ನಾನು ಬಲ್ಲೆ. ಮೈಮುಚ್ಚುವ, ಮೊಣಕಾಲು ದಾಟುವ ಈಜುಡುಗೆಗಳು ಈಗ ಸುಲಭವಾಗಿ ದೊರೆಯುತ್ತವೆ. ಮಹಿಳೆಯರಿಗೆಂದೇ ಪ್ರತ್ಯೇಕ ವೇಳೆಯನ್ನು ಕೇಳಿ ಪಡೆಯಬಹುದು. ಮಗುವಿನೊಡನೆ ನೀರಿನ ದಂಡೆಯಲ್ಲಿ ಹೆಚ್ಚು ಹೊತ್ತು ಕಳೆಯುವವಳು ತಾಯಿ. ಮನೆಯಲ್ಲಿ ಒಬ್ಬರೇ ಕಲಿಯಲು ಅವಕಾಶವಿದ್ದರೆ ಆಕೆಯೇ ಕಲಿಯಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗಂಡಸರು ಮುನಿಸಿಕೊಂಡರೂ ಚಿಂತೆಯಿಲ್ಲ.

ಎಲ್ಲಿ ಕಲಿಯುವುದು? ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಸುವರ್ಣ ಜೆ.ಎನ್.ಎಂ.ಸಿ. ಈಜುಕೊಳವಿದೆ. ನಾಗನೂರದಿಂದ ದಿನಾಲೂ ಹೋಗಿಬರುವುದು ಆಗದ ಮಾತು. ಆದರೆ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಬೆಳಗಾವಿಯ ಅಜ್ಜಿಯ ಮನೆಗೋ ಅತ್ತೆಯ ಮನೆಗೋ ಬಿಡುವ ಕುಟುಂಬಗಳು ಎಷ್ಟೋ ಇವೆ. ಮೂರು ವಾರ ತಾಯಿಯೂ ಅಲ್ಲಿಯೇ ಉಳಿದು ಮಕ್ಕಳೊಡನೆ ಕಲಿಯಬಹುದಲ್ಲವೇ? ಸ್ಪರ್ಧೆಯ ಹಂತಕ್ಕೆ ಮುಟ್ಟಿದವರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಕೂಟಗಳು ಭಾನುವಾರಗಳಂದೇ ನಡೆಯುವುದುಂಟು. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೆ ಭಾನುವಾರದ ಕರ್ತವ್ಯ ನೆರವೇರುತ್ತದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಕ್ರೀಡೆಯನ್ನು ಕುರಿತು ವ್ಯಾಟಿಕನ್ 2018ರ ಜೂನ್ 1ರಂದು ಹೊರಡಿಸಿದ ದಸ್ತಾವೇಜು ಕ್ರೀಡೆಯನ್ನು ಮನಸಾರೆ ಪ್ರಶಂಸಿಸುತ್ತದೆ. ಗೆಲುವಿನ ಹುಚ್ಚಿಗೆ ಬಿದ್ದು ಮದ್ದು ಸೇವಿಸುವಂಥ ಕೆಡುಕುಗಳ ಬಗೆಗೂ ಅದರಲ್ಲಿ ಎಚ್ಚರಿಕೆಯಿದೆ.

ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಯಬಾರದು. ಯಾರೇ ಆಗಲಿ, ಕಾಲುವೆಯಲ್ಲಿ ಈಸು ಕಲಿಯುವ ಸಾಹಸ ಬೇಡ. ಕಾಂಕ್ರೀಟಿನ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಹಿಡಿಯಲು ಏನೂ ಇರುವುದಿಲ್ಲ, ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಯಾರಾದರೂ ಬಿದ್ದರೆ ಈಜು ಬಾರದವರು ಹಿಂದೆ ಧುಮುಕಬೇಡಿ. ಜನರನ್ನು ಕೂಗಿ ಕರೆಯಿರಿ. ದಂಡೆಯ ಮೇಲೆ ಮಲಗಿ ಸೀರೆಯನ್ನೋ ಹಗ್ಗವನ್ನೋ ಬಿದಿರಿನ ಗಳವನ್ನೋ ಚಾಚಿ. ಖಾಲಿ ಪ್ಲಾಸ್ಟಿಕ್ ಕ್ಯಾನಿನ ಮುಚ್ಚಳ ಬಿಗಿದು ಹಗ್ಗ ಕಟ್ಟಿ ಎಸೆದರೆ ದೊಡ್ಡ ಆಳನ್ನೂ ಅದು ತೇಲಿಸಿ ಹಿಡಿಯುತ್ತದೆ. ಬಟ್ಟೆ ಒಗೆಯಲು ಹೋಗುವ ದಂಡೆಯಲ್ಲಿ ಅಂಥದೊಂದು ಕ್ಯಾನನ್ನು ಇಂದೇ ಕಟ್ಟಿಡಬಹುದು.